ಶೀರ್ಷಾಸನದ ಉಮೇದವಾರ

ಯೋಗದ ಮೇಲೆ ನನಗೆ ಪೂರ್ತಿ ನಂಬಿಕೆ. ಗಾಣಗಾಪುರದ ದತ್ತಾತ್ರೇಯ ಸ್ವಾಮಿಯೇ ಮಹಾಯೋಗಿ. ಅನುಮಾನ ಪಡಲು ನಾನ್ಯಾರು? ಆದರೆ ಅದು ಸರಕಾರಿ ಕಚೇರಿಯೊಳಗೆ ಕಾಲಿಟ್ಟಾಗ ಏನೇನೋ ಆಗುತ್ತಲೇ ಇರುತ್ತದೆ.

೧. ಮೂಗಿನ ತುದಿ

ನಿಜಾಮರ ಆಳ್ವಿಕೆಯ ಕಡೆಯ ವರುಷ. ಜೇವರ್ಗಿ ತಹಸೀಲು ಕಚೇರಿಯಲ್ಲಿ ನಾನು ಕಾರಕೂನ. ಪಕ್ಕದಲ್ಲಿ ಪಗಾರವಿಲ್ಲದೆ ಕೆಲಸ ಕಲಿಯುತ್ತಿದ್ದ ಒಬ್ಬ ಉಮೇದವಾರ. ಉರ್ದುವಿನಲ್ಲಿದ್ದ ಸರಕಾರಿ ಕಾಯ್ದೆಯನ್ನು ಬಾಯಿಪಾಠ ಒಪ್ಪಿಸಿದರೆ ನೌಕರಿ ಕಾಯಂ; ನೌಕರಿ ಕಾಯಂ ಆದರೇನೇ ಅಫಜಲಪುರದ ಅವನ ಮಾವ ಮಗಳನ್ನು ಗಂಡನ ಮನೆಗೆ ಕಳಿಸುವವನು. ಹುಡುಗನಿಗೆ ಉರ್ದು ಓದಲು ಬರೆಯಲು ಚೆನ್ನಾಗಿ ಬರುತ್ತಿತ್ತು, ಬಾಯಿಪಾಠ ಮಾತ್ರ ನಿಲ್ಲದು. ನಾನೇ ಅವನನ್ನು ಗಾಣಗಾಪುರದ ಯೋಗಿಯೊಬ್ಬರ ಬಳಿ ಕರೆದೊಯ್ದೆ. "ಮೂಗಿನ ತುದಿ ನೋಡು, ಚಿತ್ತ ನಿಲ್ತದ" ಎಂದರು.

ಅವನು ಕಚೇರಿಯಲ್ಲೇ ನೋಡತೊಡಗಿದ. ತಹಸೀಲ್ದಾರ ಸಾಹೇಬರು ಎಷ್ಟು ಕರೆದರೂ ಓ ಅನ್ನಲಿಲ್ಲ.

"ಕಿವಿ ಕೇಳಂಗಿಲ್ಲೇನಲೇ?"

"ಏಕಾಗ್ರತೆ ಬಂದದರಿ ಸಾಹೇಬ್ರ."

"ಯಾವುದರ ಮ್ಯಾಲ?"

"ಮೂಗಿನ ಮ್ಯಾಲ್ರಿ."

"ಹಂಗಾರ ನೌಕರಿನೂ ಅದಕ್ಕ ಕೇಳು."

೨. ತಲೆ ಕೆಳಗೆ

ಯೋಗಿಗಳು ಶೀರ್ಷಾಸನ ಹೇಳಿಕೊಟ್ಟರು. ಹುಡುಗ ತಲೆ ಕೆಳಗಾಗಿ ನಿಂತೇ ಕಾಯ್ದೆ ಕಲಿತ, ಒಂದಕ್ಷರ ತಪ್ಪದು. ನೆಟ್ಟಗೆ ನಿಂತರೆ ಮಾತ್ರ ಎಲ್ಲ ಇಳಿದುಹೋಗುತ್ತಿತ್ತು.

ಪರೀಕ್ಷೆಯ ದಿನ ಸಾಹೇಬರ ಮುಂದೆ ನಿಂತು, "ಅಪ್ಪಣೆ ಆದ್ರ ತಲಿ ಕೆಳಗ ಮಾಡಿ ಹೇಳ್ತೇನ್ರಿ" ಎಂದ. ನಾನು ಓಡಿಹೋಗಿ ಅವನ ಧೋತರ ಬಿಗಿದು ಕಟ್ಟಿದೆ. ಮಾನ ಕಾಯುವುದೂ ಧರ್ಮವೇ. ಗೋಡೆಗೆ ಕಾಲು ಹಚ್ಚಿ ಕಾಯ್ದೆ ಪೂರ್ತಿ ಒಪ್ಪಿಸಿದ.

ಸಾಹೇಬರು ಗಡ್ಡ ಸವರಿಕೊಂಡರು. "ಪಾಸ್. ಈ ಕಚೇರಿ ನಡಿಯೋದೂ ಹಿಂಗ ಅದ. ಇವನಿಗೆ ಒಗ್ಗತದ."

೩. ಮರೆವು

ನೇಮಕದ ಹುಕುಂ ಕೈಗೆ ಬರುವ ಮೊದಲೇ ನಿಜಾಮರ ಆಳ್ವಿಕೆ ಮುಗಿದು ರಾಜ್ಯ ಬದಲಾಯಿತು. ಹಳೇ ಸರಕಾರದವರೆಂದು ಎಲ್ಲಿ ಮನೆಗೆ ಕಳಿಸುತ್ತಾರೋ ಎಂದು ಎಲ್ಲರಿಗೂ ಅಂಜಿಕೆ. ಹೊಸ ಸಾಹೇಬರು ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಉರ್ದು ಯಾರಿಗೆ ಬರ್ತದ?" ಎಂದು ಕೇಳಿದರು.

ಸಾಹೇಬರ ಮುಂದೆ ಕಾಗದಪತ್ರ ಇಡುವ, ನಮ್ಮೆಲ್ಲರಿಗಿಂತ ಹಿರಿಯರಾದ ಪೇಶಕಾರರು ಉರ್ದುವಿನಲ್ಲೇ ಸೀನುತ್ತಿದ್ದವರು. "ಮರತೇ ಹೋಗ್ಯದರಿ" ಎಂದರು. ಉಳಿದವರಿಗೂ ಮರೆತಿತ್ತು. ನಾನು ದತ್ತನಾಮ ಜಪಿಸತೊಡಗಿದೆ. ಉಮೇದವಾರನೊಬ್ಬನೇ ಅಳುಮೋರೆ ಮಾಡಿ, "ನನಗ ಮರೀವಲ್ದರಿ, ಏನ್ ಮಾಡ್ಲಿ" ಎಂದ.

"ಭೇಷ್. ಹಳೇ ಕಾಗದ ಓದಾಕ ಮಂದಿ ಬೇಕಾಗ್ಯಾರ. ನೀ ಕಾಯಂ. ಮರೆತವರ ಬಗ್ಗೆ ನಾಳೆ ವಿಚಾರ ಮಾಡೋಣು."

ಸುದ್ದಿ ಕೇಳಿದ್ದೇ ತಡ, ಮಾವ ಮಗಳನ್ನು ಗಾಡಿ ಹತ್ತಿಸಿದ.

ಮರುದಿನ ಮುಂಜಾನೆ ಕಚೇರಿಗೆ ಹೋದರೆ, ಪೇಶಕಾರರು ಉರ್ದು ಕಾಗದವೊಂದನ್ನು ಸಾಹೇಬರ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದರು.

"ಮರತೀನಿ ಅಂದಿದ್ರೆಲ್ರಿ?" ಎಂದೆ.

"ಮನ್ಯಾಗ ಸ್ವಲ್ಪ ಪ್ರಾಣಾಯಾಮ ಮಾಡಿದೆ ನೋಡ್ರಿ" ಎಂದರು.

ಗಾಣಗಾಪುರದ ದಿಕ್ಕಿಗೆ ಕೈ ಮುಗಿದೆ. ಯೋಗ ಇಷ್ಟು ಲಗೂನ ಫಲ ಕೊಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.