ಮಗನ ಜೊತೆ ಒಂದು ಗುಟುಕು

ಮಗ ಕುಡಿಯಲು ಶುರು ಮಾಡಿದ್ದಾನೆ ಎಂಬ ಅನುಮಾನ ಬಂದ ದಿನದಿಂದ ಸೋಫಾರಾಯರಿಗೆ ನಿದ್ದೆ ಹತ್ತಲಿಲ್ಲ. ಯಾವ ಅಪ್ಪನಿಗೆ ತಾನೇ ಹತ್ತೀತು ಎನ್ನುತ್ತೀರಿ. ನಿಜ. ಆದರೆ ಇವರು ನಿದ್ದೆಗೆಟ್ಟದ್ದು ಸಂತೋಷಕ್ಕೆ.

ಸೋಫಾರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ದಯಪಾಲಿಸಿದ ಬಿರುದು. ಕುಸಿದ ಸೋಫಾಗಳ ಹೊಟ್ಟೆ ಬಗೆದು, ಸ್ಪ್ರಿಂಗು ಕಟ್ಟಿ, ಫೋಮು ತುಂಬಿ, ಹೊಸ ಬಟ್ಟೆ ಹೊದಿಸಿ ಕಳಿಸುವ ಕಸುಬು ಅವರದು. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರ್. (ಮನೆಯಲ್ಲೂ ಟೀಚರೇ. ರಾಯರು ತಡವಾಗಿ ಬಂದರೆ ಬಾಗಿಲಲ್ಲಿ ಕಾರಣ ಹೇಳಿಯೇ ಒಳಗೆ ಬರಬೇಕು.) ಒಬ್ಬನೇ ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ದಿನವಿಡೀ ಮಹಡಿ ಮಹಡಿ ಏರಿಳಿಯುವ ಹುಡುಗ ಸಂಜೆ ಒಂದಿಷ್ಟು ಏರಿಸಿದರೆ ತಪ್ಪೇನು ಎಂಬುದು ರಾಯರ ವಾದ.

ಈ ವಾದದ ಬೇರು ಸ್ವಲ್ಪ ಆಳದಲ್ಲಿತ್ತು. ರಾಯರ ತಂದೆ ಬಹಳ ಬಿಗಿ ಮನುಷ್ಯ. ಅವರ ಎದುರು ಗಟ್ಟಿಯಾಗಿ ಸೀನುವುದೂ ಅಪರಾಧ. ಹರೆಯದಲ್ಲಿ ರಾಯರು ಗೆಳೆಯರ ಜೊತೆ ಒಂದು ಗುಟುಕು ಹಾಕಿ ಬಂದರೆ, ಬಾಯಿ ತುಂಬ ಏಲಕ್ಕಿ ಅಗಿದು, ಉಸಿರು ಹಿಡಿದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ತಂದೆ ತೀರಿಕೊಂಡರು. ಅಪ್ಪನ ಜೊತೆ ಕೂತು ಮನಸ್ಸು ಬಿಚ್ಚಿ ನಾಲ್ಕು ಮಾತಾಡಿದ ನೆನಪು ಎಷ್ಟು ತಡಕಿದರೂ ಸಿಗಲಿಲ್ಲ; ಸಿಕ್ಕಿದ್ದು ಏಲಕ್ಕಿಯ ವಾಸನೆ ಮಾತ್ರ. ಆಗಲೇ ರಾಯರು ತೀರ್ಮಾನಿಸಿಬಿಟ್ಟರು: ನನ್ನ ಮಗ ನನಗೆ ಹೆದರಿ ಏಲಕ್ಕಿ ತಿನ್ನಬಾರದು. ಅವನು ದೊಡ್ಡವನಾದ ಮೇಲೆ ಒಂದು ಸಂಜೆ ಇಬ್ಬರೂ ಸರಿಸಮ ಕೂತು, ಒಂದೇ ಬಾಟಲಿಯಿಂದ ಸುರಿದುಕೊಂಡು, ಗೆಳೆಯರ ಹಾಗೆ ಮಾತಾಡಬೇಕು.

ಆದರೆ ಮಗ ಆ ದಿಕ್ಕಿಗೆ ತಲೆ ಹಾಕುವ ಲಕ್ಷಣವೇ ಕಾಣಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಓಡಲು ಹೋಗುತ್ತಿದ್ದ. ಊಟಕ್ಕೆ ಮುಂಚೆ ತಟ್ಟೆಯನ್ನು ಪರೀಕ್ಷಕನ ಹಾಗೆ ನೋಡುತ್ತಿದ್ದ. ತಮ್ಮ ಮಕ್ಕಳು ಕುಡಿದು ಬಂದು ಮೆಟ್ಟಿಲ ಮೇಲೆ ಮಲಗುತ್ತಾರೆಂದು ಯಾರಾದರೂ ಅಳಲು ತೋಡಿಕೊಂಡರೆ ರಾಯರಿಗೆ ಹೊಟ್ಟೆಯುರಿ.

ಅಷ್ಟರಲ್ಲಿ ಶನಿವಾರಗಳು ಬದಲಾದವು. ಸಂಜೆಯಾಗುತ್ತಲೇ ಗೆಳೆಯರು ಬಂದು ಮಗನ ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿಂದ ‘ಟಪ್’ ಎಂದು ಮುಚ್ಚಳ ಹಾರುವ ಸದ್ದು, ಗಾಜಿಗೆ ಗಾಜು ತಾಗುವ ಸದ್ದು, ಆಮೇಲೆ ನಗು. ಬಾಗಿಲ ಸಂದಿಯಿಂದ ಹುಳಿ ಹುಳಿ ವಾಸನೆ. ಒಂದು ದಿನ ಮಗ ಇಲ್ಲದಾಗ ರಾಯರು ಮಂಚದ ಕೆಳಗೆ ಬಗ್ಗಿ ನೋಡಿದರೆ, ಬಾಯಿಗೆ ಬಟ್ಟೆ ಕಟ್ಟಿದ ದೊಡ್ಡ ಗಾಜಿನ ಜಾಡಿಗಳು, ಒಳಗೆ ಕಂದು ಬಣ್ಣದ ದ್ರವ. ರಾಯರ ಕಣ್ಣಲ್ಲಿ ನೀರಾಡಿತು. ಮನೆಯಲ್ಲೇ ಭಟ್ಟಿ ಇಳಿಸುತ್ತಿದ್ದಾನೆ! ಅಪ್ಪನನ್ನೂ ಮೀರಿಸಿದ!

ಮುಂದಿನ ಶನಿವಾರ ಅವರಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಹೊಡೆದ ಮೊಳೆಯನ್ನೇ ಕಿತ್ತರು, ಕಿತ್ತದ್ದನ್ನೇ ಹೊಡೆದರು. ಬೇಗ ಬಾಗಿಲು ಎಳೆದು ಮನೆಗೆ ಬಂದರೆ ಅಲ್ಲೂ ಕೂರಲಾಗಲಿಲ್ಲ. ನಡುಮನೆಯಲ್ಲಿ ಶತಪಥ ತುಳಿಯತೊಡಗಿದರು. ಟೀಚರ್ ಸೋಫಾದ ಮೂಲೆಯಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು.

“ಏನ್ರೀ ಅದು, ಕಾಲಿಗೆ ಚಕ್ರ ಕಟ್ಕೊಂಡ ಹಾಗೆ? ನನಗೆ ತಲೆ ಸುತ್ತುತ್ತೆ. ಕೂತ್ಕೊಳ್ಳಿ ಒಂದು ಕಡೆ.”

“ನೀನು ಸ್ವಲ್ಪ ಏಳು ಕಣೇ.”

“ಯಾಕೆ?”

“ಸ್ಪ್ರಿಂಗು ಕಿರುಗುಟ್ತಿದೆ. ನೋಡ್ಬೇಕು.”

“ನನಗೇನೂ ಕೇಳಿಸ್ತಿಲ್ಲ.”

“ಕಸುಬಿನವನ ಕಿವಿ ಇದು. ನಿನಗೆ ಹೇಗೆ ಕೇಳ್ಸುತ್ತೆ?”

ಇಲ್ಲೊಂದು ಗುಟ್ಟು ಹೇಳಬೇಕು. ಮಗ ಹುಟ್ಟಿದ ದಿನವೇ ಕುಡಿತ ಬಿಟ್ಟೆನೆಂದು ರಾಯರು ಹೆಂಡತಿಗೆ ಮಾತು ಕೊಟ್ಟಿದ್ದರು. ಆ ಮಾತು ಇಂದಿಗೂ ಹೊಸದರಂತೆಯೇ ಇತ್ತು. ಬಳಸದ ವಸ್ತು ಹಾಗೆಯೇ ಇರುತ್ತದೆ. ಮನೆಯ ಸೋಫಾ ರಾಯರೇ ಕಟ್ಟಿದ್ದು. ಅದರ ಎಡಗಡೆಯ ಆಸನದ ಕೆಳಗೆ, ಸ್ಪ್ರಿಂಗುಗಳ ನಡುವೆ, ಫೋಮಿನ ಪುಟ್ಟ ಗೂಡೊಂದಿತ್ತು. ಟೀಚರ್‌ಗೆ ಎಲ್ಲಕ್ಕಿಂತ ಮೆತ್ತಗೆ ಅನ್ನಿಸಿದ್ದು ಅದೇ ಜಾಗ. ಹಾಗಾಗಿ ಇಷ್ಟು ವರ್ಷ ಸಾಕ್ಷ್ಯದ ಮೇಲೆ ನ್ಯಾಯಾಧೀಶರೇ ಆಸೀನರಾಗಿದ್ದರು.

ಟೀಚರ್ ಗೊಣಗುತ್ತಾ ಪತ್ರಿಕೆ ಎತ್ತಿಕೊಂಡು ಅಡುಗೆಮನೆಗೆ ನಡೆದರು. ರಾಯರು ಮಂಡಿಯೂರಿ, ಸೋಫಾದ ಕೆಳಗೆ ಅರ್ಧ ಮೈ ತೂರಿಸಿ, ಬಾಟಲಿಯನ್ನು ಹೆರಿಗೆ ಮಾಡಿಸಿ, ರೆಕ್ಸಿನ್ ತುಂಡಿನಲ್ಲಿ ಸುತ್ತಿ ಎದೆಗವಚಿಕೊಂಡರು. ಎದೆ ಡವಗುಟ್ಟುತ್ತಿತ್ತು. ಹೆಣ್ಣು ನೋಡಲು ಹೋದಾಗಲೂ ಇಷ್ಟು ಡವಗುಟ್ಟಿರಲಿಲ್ಲ. ಮಗನ ಕೋಣೆಯ ಬಾಗಿಲು ತಟ್ಟಿ, ಉತ್ತರಕ್ಕೂ ಕಾಯದೆ ಒಳಗೆ ನುಗ್ಗಿದರು.

ನೆಲದ ಮೇಲೆ ಮೂವರು ಕೂತಿದ್ದರು. ಮಗ, ಅವನ ಜೊತೆ ಕೆಲಸ ಮಾಡುವ ಗಡ್ಡದ ಹುಡುಗ, ಮತ್ತೆ ರಾಯರು ಎಂದೂ ನೋಡಿರದ ಒಬ್ಬ ಹುಡುಗಿ. ಮೂವರ ಕೈಯಲ್ಲೂ ಗ್ಲಾಸು.

“ಏಳ್ಬೇಡಿ, ಏಳ್ಬೇಡಿ!” ರಾಯರು ಕೈ ಎತ್ತಿದರು. ವಾರವಿಡೀ ಸ್ಪ್ರಿಂಗುಗಳ ಎದುರು ಒಪ್ಪಿಸಿದ ಭಾಷಣ ಉಕ್ಕಿ ಬಂತು. “ಮುಚ್ಚಿಡೋದೇನೂ ಬೇಡ. ನಾನು ಹಳೇ ಕಾಲದ ಅಪ್ಪ ಅಲ್ಲ. ಹರೆಯ ನಮಗೂ ಬಂದಿತ್ತು. ಹುಡುಗೀರೂ ಕುಡೀತಾರೆ ಅಂದ್ರೆ ಕುಡೀಲಿ, ಕಾಲ ಬದಲಾಗಿದೆ. ಇವತ್ತಿಂದ ನಾನು ಅಪ್ಪ ಅಲ್ಲ, ಗೆಳೆಯ. ತಗೊಳ್ಳಿ, ಇದು ನನ್ನ ಕಡೆಯಿಂದ!” ಎಂದು ರೆಕ್ಸಿನ್ ಬಿಚ್ಚಿ ಬಾಟಲಿಯನ್ನು ಮಧ್ಯದಲ್ಲಿ ಪ್ರತಿಷ್ಠಾಪಿಸಿದರು.

ಮೂವರೂ ಬಾಟಲಿಯನ್ನು ನೋಡಿದ ರೀತಿ, ಯಾರೋ ಕೋಣೆಗೆ ಚೇಳು ತಂದು ಬಿಟ್ಟ ಹಾಗಿತ್ತು.

“ಅಪ್ಪ,” ಮಗ ಮೆಲ್ಲಗೆ ಹೇಳಿದ, “ಇದು ಚಹಾ.”

“ಯಾವುದು?”

“ನಾವು ಕುಡೀತಿರೋದು. ಚಹಾನ ಸಕ್ಕರೆ ಹಾಕಿ ಜಾಡೀಲಿ ಹುಳಿ ಬರಿಸಿ, ಬಾಟಲಿಗೆ ತುಂಬ್ತೀವಿ. ಹೊಟ್ಟೆಗೆ ಒಳ್ಳೇದು.”

ರಾಯರು ನಂಬದೆ ಮಗನ ಗ್ಲಾಸು ಕಿತ್ತುಕೊಂಡು ಒಂದು ಗುಟುಕು ಎಳೆದರು. ಒದ್ದೆ ಕಾಲುಚೀಲವನ್ನು ನಿಂಬೆರಸದಲ್ಲಿ ನೆನೆಸಿ ಹಿಂಡಿದ ಹಾಗಿತ್ತು. ಮುಖದ ಎಲ್ಲ ಹೊಲಿಗೆಗಳೂ ಒಟ್ಟಿಗೆ ಬಿಗಿದವು.

“ಏರೋದಿಲ್ವಾ ಇದು?”

“ಇಲ್ಲ ಅಂಕಲ್,” ಎಂದ ಗಡ್ಡದವನು.

“ಹೊಟ್ಟೆಗೆ ಒಳ್ಳೇದು! ನಿಮ್ಮ ವಯಸ್ಸಲ್ಲಿ ನಮಗೆ ಹೊಟ್ಟೆ ಅನ್ನೋದೊಂದಿದೆ ಅಂತಲೇ ಗೊತ್ತಿರಲಿಲ್ವಲ್ಲಪ್ಪ! ಯಾಕ್ರೋ, ನಿಮಗೇನಾಗಿದೆ? ಯಾರಾದ್ರೂ ಹೆದರಿಸಿದಾರಾ?”

“ನಾನು ಮೊದಲು ಕುಡೀತಿದ್ದೆ ಅಂಕಲ್. ಇರೋದು ಒಂದು ಭಾನುವಾರ, ಅದು ತಲೆನೋವಲ್ಲೇ ಹೋಗ್ತಿತ್ತು. ಒಂದ್ಸಲ ಕುಡಿದು ಕುಣಿದೆ. ಯಾರೋ ವಿಡಿಯೋ ಮಾಡಿದ್ರು. ಸೋಮವಾರ ನಾನು ಕೆಲಸಕ್ಕೆ ಹೋಗೋ ಮೊದಲೇ ನನ್ನ ಕುಣಿತ ಅಲ್ಲಿಗೆ ಹೋಗಿತ್ತು. ಅವತ್ತೇ ಬಿಟ್ಟೆ.”

“ಮತ್ತೆ ನೀನು?” ರಾಯರು ಮಗನ ಕಡೆ ತಿರುಗಿದರು, ದನಿಯಲ್ಲಿ ಕೊನೆಯ ಆಸೆ.

“ನನಗೆ ಬೇಕು ಅಂತ ಅನ್ನಿಸ್ಲೇ ಇಲ್ಲಪ್ಪ.”

ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. “ಅಂಕಲ್, ವಾರಕ್ಕೆ ಎಷ್ಟು ಸಲ ತಗೋತೀರಾ?” ಬೈಗುಳದ ಛಾಯೆಯೇ ಇಲ್ಲದ, ತೋಳಿಗೆ ಸೂಜಿ ಚುಚ್ಚುವ ಮೊದಲು ಕೇಳುವಂಥ ದನಿ. (ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳೆಂದು ಆಮೇಲೆ ತಿಳಿಯಿತು.)

“ಎಲ್ಲೋ ಅಪರೂಪಕ್ಕೆ ಕಣಮ್ಮ.”

“ಅರ್ಧ ಖಾಲಿ ಆಗಿದೆ.”

“ಅದು... ಸೆಕೆಗೆ. ಆವಿಯಾಗುತ್ತೆ.”

“ಅಪ್ಪ,” ಎಂದ ಮಗ, “ಅಮ್ಮಂಗೆ ಗೊತ್ತಾ?”

“ಈಗ ಗೊತ್ತಾಯ್ತು,” ಎಂಬ ಉತ್ತರ ಬಾಗಿಲಿನಿಂದ ಬಂತು. ಟೀಚರ್ ಕೆಂಪು ಪೆನ್ನು ಹಿಡಿದು ನಿಂತಿದ್ದರು. “ಎಲ್ಲಿತ್ತು ಇದು?”

“ಸೋಫಾದಲ್ಲಿ.”

“ಯಾವ ಸೋಫಾ?”

“ನಮ್ಮದೇ. ಎಡಗಡೆ.”

“ನಾನು ಕೂರೋ ಕಡೆ?”

“ಮೆತ್ತಗಿದೆ ಅಂತ ನೀನೇ ಹೊಗಳ್ತಿದ್ದೆ.”

ಗಡ್ಡದವನಿಗೆ ಕೆಮ್ಮು ಬಂದು ಗ್ಲಾಸಿನಲ್ಲಿ ಮುಖ ಮುಳುಗಿಸಿದ. ಟೀಚರ್ ನಗಲಿಲ್ಲ. ಅವರು ಕೂಗಿದ್ದರೆ ರಾಯರಿಗೆ ಸುಲಭವಾಗುತ್ತಿತ್ತು. ಕೂಗದೆ ಗಂಡನ ಮುಖವನ್ನೇ ನೋಡುತ್ತಾ ನಿಂತರು, ಚೆನ್ನಾಗಿ ಓದುತ್ತಾನೆ ಅಂದುಕೊಂಡಿದ್ದ ಹುಡುಗನನ್ನು ನಕಲು ಹೊಡೆಯುವಾಗ ಹಿಡಿದವರ ಹಾಗೆ. ರಾಯರಿಗೆ ತಟ್ಟಿದ್ದು ಆ ನೋಟ.

“ಯಾಕೆ ತಂದ್ರಿ ಅಪ್ಪ ಇದನ್ನ?” ಮಗ ಕೇಳಿದ.

“ನಿನ್ನ ಜೊತೆ ಕೂತು...” ರಾಯರು ರೆಕ್ಸಿನ್ ತುಂಡನ್ನು ಮಡಚಿದರು, ಬಿಚ್ಚಿದರು. “ಮಾತಾಡೋಣ ಅಂತ.”

“ಅದಕ್ಕೆ ಇದು ಬೇಕಿತ್ತಾ?”

“ನಮ್ಮ ಕಾಲದ ಗಂಡಸರು ಬಾಯಿ ಬಿಡ್ಬೇಕಾದ್ರೆ ಮೊದ್ಲು ಬಾಯಿಗೆ ಏನಾದ್ರೂ ಸುರೀಬೇಕಿತ್ತು ಕಣೋ. ಸುಮ್ಮನೆ ಕೂತು ಹೇಗೆ ಮಾತಾಡೋದು ಅಂತ ನನಗೆ ಗೊತ್ತಿಲ್ಲ.”

ಮಗ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ. ರಾಯರು ಮಂಡಿ ಹಿಡಿದುಕೊಂಡು ನೆಲಕ್ಕೆ ಇಳಿದರು. (ಸೋಫಾ ಮಾಡುವವರಿಗೆ ನೆಲದ ಅಭ್ಯಾಸ ಕಡಿಮೆ.) ಆಮೇಲೆ ಮಗನೇ ಬಾಯಿ ಬಿಟ್ಟ, ಒಂದು ಹನಿಯೂ ಸುರಿದುಕೊಳ್ಳದೆ. “ಇವಳನ್ನ ಇವತ್ತು ನಿಮಗೆ ಪರಿಚಯ ಮಾಡಿಸ್ಬೇಕು ಅಂತಿದ್ದೆ ಅಪ್ಪ. ನಾವಿಬ್ಬರೂ ಮದುವೆ ಆಗ್ಬೇಕು ಅಂತ ಇದೀವಿ.”

ರಾಯರು ಹುಡುಗಿಯನ್ನು ನೋಡಿದರು, ಅವಳ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು. ಸೊಸೆಯಾಗುವವಳ ಮೊದಲ ಭೇಟಿಯಲ್ಲೇ ಮಾವ ತನ್ನನ್ನು ಪರಿಚಯಿಸಿಕೊಂಡ ಪರಿ ಇದು!

“ನಿನಗೆ ಗೊತ್ತಿತ್ತಾ?” ಎಂದು ಹೆಂಡತಿಯ ಮೇಲೆ ಹರಿಹಾಯ್ದರು.

“ಯಾವಾಗಲೋ ಗೊತ್ತಿತ್ತು.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ? ಈ ಮನೇಲಿ ಗುಟ್ಟು ಮಾಡೋದು ಅಂದ್ರೆ ಏನು?” ಎಂದವರೇ, ಆಡಿದ ಮಾತು ತಮ್ಮ ಕಿವಿಗೇ ಬಿದ್ದು ತೆಪ್ಪಗಾದರು.

ಬಾಟಲಿಯ ಉಳಿದರ್ಧದಿಂದ ಟೀಚರ್ ಮರುದಿನ ಮನೆಯ ಕಿಟಕಿ ಗಾಜುಗಳನ್ನೆಲ್ಲ ಒರೆಸಿದರು. ಗಾಜು ಫಳಫಳ ಹೊಳೆಯಿತು. ಇಡೀ ಮನೆ ರಾಯರ ಹರೆಯದ ವಾಸನೆ ಹೊಡೆಯಿತು. ಅವರು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಾ ಮೂಗು ತುಂಬಿಕೊಂಡರು.

ಕೆಲವು ವಾರಗಳ ಮೇಲೆ ಹುಡುಗಿಯ ಮನೆಯವರು ಇವರನ್ನು ಕರೆದರು. ಅವಳ ತಂದೆ ಗಡಿಯಾರ ರಿಪೇರಿ ಮಾಡುವವರು. ದುಂಡು ಮುಖ, ಮೆದು ಮಾತು. ದಾರಿಯಲ್ಲಿ ಮಗ ಹೇಳಿದ್ದ: “ಅವಳ ತಂದೇಗೂ ನಿಮ್ಮ ಹಾಗೇ ಕುಡಿಯೋ ಅಭ್ಯಾಸ ಅಪ್ಪ. ಇವಳು ಹಿಂದೆ ಬಿದ್ದು...” ಮುಂದಿನದು ರಾಯರ ಕಿವಿಗೆ ಬೀಳಲಿಲ್ಲ, ಅಷ್ಟೇ ಸಾಕಾಗಿತ್ತು. ರಾಯರು ಅವರನ್ನು ಕಂಡ ಕೂಡಲೇ, ಪರದೇಶದಲ್ಲಿ ತನ್ನ ಭಾಷೆಯವನು ಸಿಕ್ಕ ಹಾಗೆ, ಕೈ ಕುಲುಕಿದ್ದೇ ಕುಲುಕಿದ್ದು. ಒಳಗೆ ಮಾತು ಮದುವೆಯ ದಿನದ ಕಡೆ ತಿರುಗಿದಾಗ ಗಡಿಯಾರದವರನ್ನು ಬಾಲ್ಕನಿಗೆ ಕರೆದುಕೊಂಡು ಹೋದರು.

“ಈ ಮಕ್ಕಳ ಕಾಟ ನಿಮಗೂ ಇದೆ ಅಂತ ಕೇಳ್ದೆ,” ರಾಯರು ಪಿಸುಗುಟ್ಟಿದರು. “ಚಿಂತೆ ಮಾಡ್ಬೇಡಿ. ಮನೇದು ಹೋಯ್ತು, ಅಂಗಡೀದು ಇದೆ. ಗೋಂದಿನ ಡಬ್ಬಗಳ ಸಾಲಿನಲ್ಲಿ ಕೊನೇ ಡಬ್ಬ. ಅದರಲ್ಲಿರೋದು ಗೋಂದಲ್ಲ. ಒಂದು ಸಂಜೆ ಬನ್ನಿ ಬೀಗರೇ.”

ಗಡಿಯಾರದವರು ರಾಯರ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿ ಬಂದಿತ್ತು. “ನಾನು ಬಿಟ್ಟುಬಿಟ್ಟೆ ಬೀಗರೇ. ಮಗಳು ಒಂದೇ ಮಾತು ಹೇಳಿದ್ಲು: ಕುಡಿಯೋದು ಬಿಡೋದು ಆಮೇಲೆ, ಮೊದ್ಲು ಮುಚ್ಚಿಡೋದು ಬಿಡಿ ಅಂತ. ಅವತ್ತಿಂದ ನಾನು ಏನನ್ನೂ ಮುಚ್ಚಿಡಲ್ಲ. ಕಿವಿಗೆ ಬಿದ್ದದ್ದೆಲ್ಲ ಹೇಳಿಬಿಡ್ತೀನಿ. ಎಷ್ಟು ಹಗುರ ಗೊತ್ತಾ!”

“ಬಹಳ ಒಳ್ಳೇದು. ಆದ್ರೆ ಇದು ನಮ್ಮಿಬ್ಬರ...”

ಅವರು ಆಗಲೇ ಹೊಸ್ತಿಲು ದಾಟಿದ್ದರು. “ಮಗಳೇ! ನಿನ್ನ ಮಾವನವರು ಎಂಥ ನೇರ ಮನುಷ್ಯ! ಕೇಳದೇನೇ ಎಲ್ಲ ಹೇಳಿಬಿಟ್ರು. ಗೋಂದಿನ ಡಬ್ಬದಲ್ಲಿ ಗೋಂದಿಲ್ವಂತೆ!”

ಬಾಲ್ಕನಿ ಎಷ್ಟು ಎತ್ತರದಲ್ಲಿದೆ ಎಂದು ರಾಯರು ಒಮ್ಮೆ ಬಗ್ಗಿ ನೋಡಿದರು. ಮೂರನೇ ಮಹಡಿ. ಮಗ ರಿಪೇರಿ ಮಾಡಿದ ಲಿಫ್ಟ್ ಇತ್ತು, ಆದರೆ ಅದಕ್ಕೆ ದಾರಿ ನಡುಮನೆಯ ಮೂಲಕವೇ. ಒಳಗಿಂದ ಟೀಚರ್ ದನಿ ಹಾಜರಿ ಕರೆದ ಹಾಗೆ ಕೇಳಿತು: “ಎಲ್ಲಿದೀರ್ರೀ? ಒಳಗೆ ಬನ್ನಿ.”

ಶಿಕ್ಷೆ ಅಲ್ಲೇ, ಸರ್ವಾನುಮತದಿಂದ ತೀರ್ಮಾನವಾಯಿತು. ಮದುವೆಗೆ ಯಾರ ತಕರಾರೂ ಇಲ್ಲ. ಆದರೆ ಅಂಗಡಿಯ ಸಂಜೆಗಳಲ್ಲಿ ರಾಯರು ಒಬ್ಬರೇ ಇರುವುದರಿಂದಲೇ ಇದೆಲ್ಲ ಎಂದು ಟೀಚರ್ ರೋಗದ ಮೂಲ ಹಿಡಿದರು. ನಾನಿದ್ದೇನಲ್ಲ ಎಂದು ಗಡಿಯಾರದವರು ಎದೆ ತಟ್ಟಿಕೊಂಡರು.

ಈಗ ಬೀದಿದೀಪ ಹತ್ತುವ ಹೊತ್ತಿಗೆ ಸರಿಯಾಗಿ ಅವರು ಹುಳಿ ಚಹಾದ ಜಾಡಿ ಬಗಲಿಗೆ ಇಟ್ಟುಕೊಂಡು ಅಂಗಡಿಗೆ ಬರುತ್ತಾರೆ. ಎರಡು ಗ್ಲಾಸಿಗೆ ಅಳೆದು ಸುರಿಯುತ್ತಾರೆ. ಬಾಲ್ಯದಿಂದ ಹಿಡಿದು ತಮ್ಮ ಜೀವನವನ್ನು, ಏನನ್ನೂ ಮುಚ್ಚಿಡದೆ, ಹೇಳುತ್ತಾರೆ. ಕೆಲಸ ಮುಗಿಸಿದ ಮಗನೂ ದಾರಿಯಲ್ಲಿ ಇಳಿದು ಅಪ್ಪನ ಪಕ್ಕ ಹೆಗಲಿಗೆ ಹೆಗಲು ತಾಗಿಸಿ ಕೂರುತ್ತಾನೆ. ನಿನ್ನೆಯೂ ಹಾಗೆ ಕೂತಿದ್ದ. “ಏನಪ್ಪ, ಏನೋ ಹೇಳ್ಬೇಕು ಅಂತಿದ್ರಲ್ಲ?” ಎಂದು ತಾನಾಗಿ ಕೇಳಿದ. ಎಷ್ಟೋ ವರ್ಷದಿಂದ ಕಾದಿದ್ದ ಗಳಿಗೆ. ರಾಯರು ಧೈರ್ಯಕ್ಕೆಂದು ಹುಳಿ ಚಹಾವನ್ನು ಒಂದೇ ಏಟಿಗೆ ಗಂಟಲಿಗಿಳಿಸಿ ಬಾಯಿ ತೆರೆದರು.

ಗಡಿಯಾರದವರು ಕೈ ಅಡ್ಡ ಹಿಡಿದು ಅವರನ್ನು ತಡೆದು, ಫೋನು ಕಿವಿಗಿಟ್ಟುಕೊಂಡರು. “ಮಗಳೇ, ಬೀಗಿತ್ತಿಗೂ ಹೇಳ್ಬಿಡು. ಇವತ್ತು ಮುಖ ಸಿಂಡರಿಸದೆ ಪೂರ್ತಿ ಕುಡಿದ್ರು! ನಾಳೆಯಿಂದ ದೊಡ್ಡ ಜಾಡಿ ಕಳಿಸು!”