ಹೊರಡದವನ ಬೀಳ್ಕೊಡುಗೆ

ಎಲ್ಲಕ್ಕೂ ಕಾರಣ ತಿಗಣೆ. ಬರ್ನಾರ್ಡನ ಸೋಫಾದೊಳಗೆ ಅವು ಸಂಸಾರ ಹೂಡಿದ್ದವು. ಬಾಡಿಗೆಯ ಚಿಂತೆಯಿಲ್ಲ, ಇಕಾಮಾದ ಚಿಂತೆಯಿಲ್ಲ. ಚಿಂತೆಯೆಲ್ಲ ಬರ್ನಾರ್ಡನದು. 2009ರ ಆ ವರ್ಷ ಕುವೈತಿನ ಕಂಪನಿಗಳು ಒಬ್ಬೊಬ್ಬರನ್ನೇ ಊರಿಗೆ ಕಳಿಸುತ್ತಿದ್ದವು. ಕೆಲಸ ಹೋದರೆ ಇಲ್ಲಿರಲು ಬೇಕಾದ ಇಕಾಮಾ ಹೋಯಿತು, ಅದರ ಹಿಂದೆ ಹವಲ್ಲಿಯ ಎರಡು ಕೋಣೆಯ ಮನೆಯೂ ಮಗಳ ಶಾಲೆಯೂ ಹೋದಂತೆ. ಈ ಹೆದರಿಕೆಯಲ್ಲಿ ಅವನು ಆಫೀಸಿನಲ್ಲಿ ಗಟ್ಟಿಯಾಗಿ ಕೆಮ್ಮುವುದನ್ನೂ ಬಿಟ್ಟಿದ್ದ.

ಅಂದು ಶುಕ್ರವಾರ, ರಜೆ. ಯಾರೂ ಏಳುವ ಮೊದಲೇ ಸೋಫಾವನ್ನು ಬೀದಿಯ ಕಸದ ಡಬ್ಬಿಯ ಪಕ್ಕ ಇಟ್ಟುಬರೋಣವೆಂದು ಅವನೂ ಹೆಂಡತಿ ಡೊರೊತಿಯೂ ಹೊತ್ತುಕೊಂಡು ಹೊರಟರು. ಮೆಟ್ಟಿಲಿನ ತಿರುವಿನಲ್ಲಿ ಅದು ಸಿಕ್ಕಿಬಿತ್ತು. ಆ ಸದ್ದಿಗೆ ಎದುರುಮನೆಯ ಮೊಯ್ದೀನ್ ಕುಂಞಿ ಎದ್ದು ಬಂದ.

"ಎಂತ ಬರ್ನಾರ್ಡ್, ಸೋಫಾ ಹೊರಗೆ? ಕೆಲಸ ಖಲಾಸಾ?"

ತಿಗಣೆ ಎಂದು ಬಾಯಿಬಿಟ್ಟರೆ ಆ ಕಟ್ಟಡದಲ್ಲಿ ಮತ್ತೆ ಯಾರೂ ಅವರ ಹೊಸ್ತಿಲು ತುಳಿಯುವುದಿಲ್ಲ. ಹಾಗೆ ನೋಡಿದರೆ ಇಷ್ಟು ವರ್ಷಗಳಲ್ಲಿ ಯಾರೂ ತುಳಿದಿರಲೂ ಇಲ್ಲ. ಆದರೂ ಮರ್ಯಾದೆ ಎಂಬುದೊಂದಿದೆಯಲ್ಲ. "ಹಾಂ... ಹಾಗೇ," ಎಂದು ಬರ್ನಾರ್ಡ್ ಗೊಣಗಿದ.

"ಅಯ್ಯೋ, ಮೊದಲೇ ಹೇಳ್ಬಾರ್ದಾ!" ಮೊಯ್ದೀನ್ ಕುಂಞಿ ಒಂದು ತುದಿ ಹಿಡಿದು ಸೋಫಾವನ್ನು ಪುನಃ ಮನೆಯೊಳಗೇ ತಂದಿಟ್ಟ. "ಬಿಸಾಡ್ಬೇಡಿ. ನಾನು ತಕೊಳ್ತೇನೆ, ನಿಮ್ಮ ನೆನಪಿಗೆ."

ಶುಕ್ರವಾರವಾದ್ದರಿಂದ ಸುದ್ದಿಗೆ ಮಸೀದಿಯೂ ಸಿಕ್ಕಿತು, ರಜೆಯ ದಿನವೆಂದು ಶುಕ್ರವಾರವೇ ಪೂಜೆ ನಡೆಯುವ ಇಗರ್ಜಿಯೂ ಸಿಕ್ಕಿತು. ಮಧ್ಯಾಹ್ನಕ್ಕೆ ಮನೆ ತುಂಬ ಜನ. ಮೊಯ್ದೀನನ ಹೆಂಡತಿ ಬೀಫಾತಿಮಾ ಪತ್ತಿರ್ ರೊಟ್ಟಿ, ಕೋಳಿ ಸಾರು ತಂದಳು. ಮೇಲಿನ ಮಹಡಿಯವರು ಕೇಕ್ ತಂದರು. ಮೆಟ್ಟಿಲಲ್ಲಿ ಎದುರಾದರೆ ಮೊಬೈಲ್ ನೋಡುತ್ತ ದಾಟಿಹೋಗುತ್ತಿದ್ದವರು ಇಂದು ಬರ್ನಾರ್ಡನ ಕೈ ಹಿಡಿದು ಕಣ್ಣೊರೆಸಿಕೊಂಡರು. "ನಿಮ್ಮಂಥವರು ಇನ್ನು ಸಿಕ್ಕುದುಂಟಾ?" ಎಂದರು. "ಫ್ರಿಜ್ಜು ಯಾರಿಗಂತ ಮಾತಾಯ್ತಾ?" ಎಂದೂ ಮೆಲ್ಲಗೆ ಕೇಳಿದರು.

ಡೊರೊತಿ ಗಂಡನನ್ನು ಅಡುಗೆಮನೆಗೆ ಎಳೆದಳು. "ಸತ್ಯ ಹೇಳಿಬಿಡಿ."

"ಸ್ವಲ್ಪ ಇರು ಮಾರಾಯ್ತಿ. ಊಟ ಆಗ್ಲಿ."

ಅವನಿಗೆ ಖುಷಿಯಾಗಿತ್ತು. ಈ ಊರಿನಲ್ಲಿ ತನ್ನ ಹೆಸರು ಇಷ್ಟು ಜನರಿಗೆ ಗೊತ್ತಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಊಟ ಮುಗಿಯುತ್ತಲೇ ಮೊಯ್ದೀನ್ ಕುಂಞಿ ಸೋಫಾ ಸಾಗಿಸಲು ಅಂಗಿಯ ತೋಳು ಮಡಚಿದ. ಅದರ ಮೇಲೆ ನಾಲ್ಕೈದು ಜನ ತೊಡೆ ಕೆರೆದುಕೊಳ್ಳುತ್ತ ಕೂತಿದ್ದರು. ಇಷ್ಟು ಒಳ್ಳೆಯವನ ಮನೆಗೆ ತಿಗಣೆ ಕಳಿಸಲು ಬರ್ನಾರ್ಡನ ಮನಸ್ಸು ಒಪ್ಪಲಿಲ್ಲ.

"ಬೇಡ! ಅದರಲ್ಲಿ ತಿಗಣೆ ಉಂಟು. ಅದಕ್ಕೇ ಬಿಸಾಡ್ಲಿಕ್ಕೆ ಹೊರಟದ್ದು. ನನ್ನ ಕೆಲಸಕ್ಕೆ ಏನೂ ಆಗ್ಲಿಲ್ಲ!"

ಕೂತವರೆಲ್ಲ ಒಟ್ಟಿಗೇ ನೆಗೆದೆದ್ದರು. "ಹಾಗಾದ್ರೆ ನಾವು ಅತ್ತದ್ದು ಎಂತಕ್ಕೆ?" ಎನ್ನುತ್ತ ಬೀಫಾತಿಮಾ ಸಾರಿನ ಪಾತ್ರೆ ಎತ್ತಿಕೊಂಡಳು. ನೋಡನೋಡುತ್ತಲೇ ಮನೆ ಖಾಲಿಯಾಯಿತು. ಉಳಿದರ್ಧ ಕೇಕೂ ಬಂದ ದಾರಿ ಹಿಡಿಯಿತು.

ಸಂಜೆ ಬರ್ನಾರ್ಡನ ಮ್ಯಾನೇಜರ್ ಆಂಥೋನಿ ಬಂದ. ಇಗರ್ಜಿಯಲ್ಲಿ ಸುದ್ದಿ ಕೇಳಿದ್ದನಂತೆ. ಬಂದವನೇ ಬರ್ನಾರ್ಡನನ್ನು ತಬ್ಬಿಕೊಂಡ.

"ದೊಡ್ಡ ಉಪಕಾರ ಮಾಡಿದಿ ಮಾರಾಯ. ಈ ತಿಂಗಳು ಒಬ್ಬನನ್ನು ಕಳಿಸ್ಲೇಬೇಕು ಅಂತ ಕಫೀಲ್ ಹಟ ಹಿಡಿದಿದ್ದ. ನಮ್ಮ ಯಜಮಾನನ ಬುದ್ಧಿ ನಿಂಗೆ ಗೊತ್ತಲ್ಲ. ಪಾಪ, ನಮ್ಮ ಆಫೀಸಿನ ಶಫೀಕನನ್ನು ಕಳಿಸುದು ಅಂತ ಇದ್ದೆ. ನೀನೇ ಹೊರಟಿ ಅಂತ ಗೊತ್ತಾಯ್ತು ನೋಡು, ಕೂಡ್ಲೇ ಫೋನ್ ಮಾಡಿ ನಿನ್ನ ಹೆಸರು ಕೊಟ್ಟೆ."

"ಸರ್, ನಾನು ಎಲ್ಲಿಗೂ ಹೊರಟಿಲ್ಲ! ಅದು ತಿಗಣೆ..."

ಪೂರ್ತಿ ಕತೆ ಕೇಳಿ ಆಂಥೋನಿಯ ಮುಖ ಸಣ್ಣದಾಯಿತು. "ಈಗ ಎಂತ ಮಾಡುದು? ಕಫೀಲ್ ಒಪ್ಪಿ ಆಯ್ತು. ಪುನಃ ಫೋನ್ ಮಾಡಿದ್ರೆ ನಿನ್ನೊಟ್ಟಿಗೆ ನಾನೂ ಸೋಫಾ ಹೊರಗೆ ಹಾಕ್ಬೇಕಾದೀತು."

ಅವನು ಹೋದ ಮೇಲೆ ಬರ್ನಾರ್ಡ್ ಯಾರಾದರೂ ಒಮ್ಮೆ ಕೈ ಹಿಡಿದುಕೊಂಡರೆ ಸಾಕು ಎನಿಸಿ ಎದುರುಮನೆಯ ಬಾಗಿಲು ತಟ್ಟಿದ.

"ಭಾಯಿ, ಕೆಲಸ ಹೋಯ್ತು. ಈ ಸಲ ನಿಜವಾಗಿ."

ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಮೊಯ್ದೀನ್ ಕುಂಞಿ ಹೇಳಿದ: "ಸಾಕು ಬರ್ನಾರ್ಡ್. ನಿಮ್ಮನ್ನು ಮಧ್ಯಾಹ್ನವೇ ಅತ್ತು ಕಳಿಸಿ ಆಗಿದೆ."