ನನ್ನ ಬೆಲ್ಲಕ್ಕೆ ಕಂಡಕಂಡ ಊರಿನ ಹೆಸರು

ಬೆಲ್ಲ ನಮ್ಮ ಮಮದಾಪುರದ ಗಾಣದ ಮನೆಯಲ್ಲಿ ಹುಟ್ಟುತ್ತದೆ, ಪೇಟೆ ಮುಟ್ಟುವಷ್ಟರಲ್ಲಿ ಬೇರೆ ಊರಿನದಾಗಿರುತ್ತದೆ. ಒಮ್ಮೆ ಆಗಿದ್ದರೆ ಮರೆತುಬಿಡುತ್ತಿದ್ದೆ. ವರ್ಷವರ್ಷವೂ ಆಯಿತು, ಪ್ರತಿ ಸಲವೂ ನಾನು ಉರಿದುಬಿದ್ದೆ, ಪ್ರತಿ ಸಲವೂ ಜನ ನಕ್ಕರು. ಕೊಪ್ಪರಿಗೆಯ ಮುಂದೆ ನಿಂತು ಮೈ ಬೇಯಿಸಿಕೊಂಡವನು ನಾನು. ನನಗೆ ಬೇಕಾಗಿದ್ದುದು ಇಷ್ಟೇ: ನನ್ನ ಬೆಲ್ಲ ತಿಂದವರಲ್ಲಿ ಒಬ್ಬರಾದರೂ "ಇದು ಮಮದಾಪುರದ್ದು" ಅನ್ನಬೇಕು. ಇದೇನು ಜಹಗೀರು ಕೇಳಿದ ಹಾಗಾಯಿತೇ? ನೀವೇ ಹೇಳಿ.

ಬಣ್ಣದ ಊರು

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಗೋಕಾಕದ ದಲಾಲರ ಅಡತಿ ಅಂಗಡಿಯಲ್ಲಿ ಒಂದು ಗಾಡಿ ಬೆಲ್ಲ ಇಳಿಸಿ, ಎದುರಿಗೆ ಚಹಾ ಕುಡಿದು ಬರುವಷ್ಟರಲ್ಲಿ ಹಮಾಲ ತನ್ನ ಕೆಲಸ ಶುರುಮಾಡಿದ್ದ. ನನ್ನ ಪೆಂಟಿಗಳಿಗೆ, ಅಂದರೆ ಬೆಲ್ಲದ ದೊಡ್ಡ ಗಟ್ಟಿಗಳಿಗೆ, ಗೋಣಿತಟ್ಟು ಸುತ್ತಿ, ಅದರ ಮೇಲೆ ತಗಡಿನ ಅಚ್ಚು ಇಟ್ಟು, ಕೆಂಪು ಬಣ್ಣದಲ್ಲಿ "ಕೊಲ್ಹಾಪುರ" ಎಂದು ಒತ್ತುತ್ತಿದ್ದ.

"ಏನ್ರಿ ಸಾಹುಕಾರ್ರ ಇದು? ಹಾಡಹಗಲ ಸುಳ್ಳ ಬರಸಾಕತ್ತೀರಿ!" ಎಂದು ಕೂಗಿದೆ. ಪೇಟೆಯೆಲ್ಲ ತಿರುಗಿ ನೋಡಿತು.

ಅಂಗಡಿಯ ಸಾಹುಕಾರರು ಎಲೆ ಅಡಿಕೆ ಮೆಲ್ಲುತ್ತಲೇ ಇದ್ದರು. "ಸುಳ್ಳ ಎಲ್ಲೈತ್ರಿ ಕಾಕಾ? ತಗಡ ಕೊಲ್ಹಾಪುರದ್ದೈತಿ, ಬಣ್ಣ ಕೊಲ್ಹಾಪುರದ್ದೈತಿ. ಒಳಗಿಂದು ಎಲ್ಲೀದಂತ ನಾ ಬರದೇನೇನು?"

ಹಮಾಲ ನಗುತ್ತ ಮುಂದಿನ ಪೆಂಟಿಗೆ ಹೋದ.

ಬೀಗರ ಹೋಳಿಗೆ

ಈ ಪ್ರಸಂಗಕ್ಕೆ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಅಚ್ಚಿನಲ್ಲಿ ಬೆಲ್ಲ ಇನ್ನೂ ಬೆಚ್ಚಗಿರುವಾಗ, ವಿಭೂತಿ ಹಚ್ಚುವ ಹಾಗೆ ಅದರ ಮೇಲೆ ಮೂರು ಬೆರಳು ಒತ್ತುತ್ತೇವೆ. ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು. ನನ್ನ ನಡುಬೆರಳಿನ ತುದಿಯನ್ನು ಒಂದು ವರ್ಷ ಗಾಣ ನುಂಗಿತು. ಆಮೇಲಿಂದ ನಮ್ಮ ಪೆಂಟಿಯ ಮೇಲೆ ಎರಡು ಗುರುತು ಉದ್ದ, ನಡುವಿನದು ಗಿಡ್ಡ.

ತಂಗಿಯ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೆವು. ಬೀಗರು ಊಟಕ್ಕೆ ಕರೆದರು. ಹೋಳಿಗೆ ಬಡಿಸುತ್ತ, "ತಿನ್ರಿ, ತಿನ್ರಿ, ಖರೆ ಕೊಲ್ಹಾಪುರ ಬೆಲ್ಲದ್ದು. ನಿಮ್ಮ ಕಡೆ ಬೆಲ್ಲ ಹಲ್ಲಿಗೆ ಅಂಟತೈತಿ ನೋಡ್ರಿ" ಅಂದರು. ಒಂದು ತುತ್ತು ತಿಂದೆ. ನಾನು ಕಾಯಿಸಿದ ಪಾಕ ನನಗೆ ತಿಳಿಯುವುದಿಲ್ಲವೇ? ಎಲೆಯ ಮುಂದೆಯೇ ಸಿಟ್ಟು ನೆತ್ತಿಗೇರಿತು.

"ಆ ಪೆಂಟಿ ತರಸ್ರಿ," ಅಂದೆ. ತರಿಸಿದರು. ಮೂರು ಬೆರಳು ಇಟ್ಟು ತೋರಿಸಿದೆ. ಗಿಡ್ಡ ಬೆರಳು ಗಿಡ್ಡ ಗುರುತಿನೊಳಗೆ ಸರಿಯಾಗಿ ಕೂತಿತು. ಪಂಕ್ತಿಯಲ್ಲಿದ್ದವರೆಲ್ಲ ಊಟ ಬಿಟ್ಟು ಬಗ್ಗಿ ನೋಡಿದರು. ಬೀಗರು ನನ್ನ ಕೈಯನ್ನೂ ಬೆಲ್ಲವನ್ನೂ ಎರಡೆರಡು ಸಲ ನೋಡಿದರು. ಈಗ ಒಪ್ಪುತ್ತಾರೆ ಅಂದುಕೊಂಡೆ.

"ಅಯ್ಯ ಶಿವನ!" ಅಂದರು. "ಕೊಲ್ಹಾಪುರದಾಗೂ ಒಬ್ಬಾಂವ ನಿಮ್ಮಂಗ ಬೆರಳ ಕಡಕೊಂಡಾನಲ್ರಿ ಬೀಗರ!"

ತವರಿನ ಅಭಿಮಾನ

ಹುಕ್ಕೇರಿಯಿಂದ ಬಂದವನೇ ಶಪಥ ಮಾಡಿದೆ. ಇನ್ನು ದಲಾಲರ ಹಂಗೇ ಬೇಡ. ಒಬ್ಬ ತಗಡಿನ ಕೆಲಸದವನಿಂದ "ಮಮದಾಪುರ" ಎಂದು ಅಚ್ಚು ಕೊರೆಸಿ, ಒಂದೊಂದು ಪೆಂಟಿಗೂ ಕೈಯಾರೆ ಒತ್ತಿ, ಮೂಡಲಗಿಯ ಸಂತೆಯಲ್ಲಿ ಹೋಗಿ ಕೂತೆ. ಮಧ್ಯಾಹ್ನದವರೆಗೆ ನೊಣ ಬಿಟ್ಟು ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಹೆಣ್ಣುಮಗಳು ಬಂದು, ಚೂರು ಬಾಯಿಗೆ ಹಾಕಿಕೊಂಡು ತಲೆದೂಗಿದಳು.

"ಛಲೋ ಐತ್ರಿ ಅಣ್ಣಾರ. ಎಲ್ಲೀದಿದು?"

"ಮಮದಾಪುರದ್ದವಾ," ಅಂದೆ. ಎದೆ ಉಬ್ಬಿತ್ತು.

ಅವಳು ಕೈಯಲ್ಲಿದ್ದುದನ್ನು ಕೆಳಗಿಟ್ಟಳು. "ಮಮದಾಪುರದ್ದ? ಬ್ಯಾಡ್ರಿ ಹಂಗಾರ."

"ಯಾಕ? ಮಮದಾಪುರ ನಿನಗೇನ ಮಾಡೇತಿ?"

"ನನ್ನ ತವರಮನಿನ ಅದರಿ ಅದು. ಅಲ್ಲಿ ಛಲೋ ಬೆಲ್ಲ ಆಗತಿದ್ರ, ನಮ್ಮಪ್ಪ ಗೋಕಾಕದಿಂದ ಕೊಲ್ಹಾಪುರ ಬೆಲ್ಲ ಎದಕ ತರತಿದ್ದ?"

ಗೋಕಾಕದಿಂದ ಅವಳಪ್ಪ ಯಾರ ಬೆಲ್ಲ ತರುತ್ತಿದ್ದ ಎಂದು ಕೂಗಿ ಹೇಳಿದೆ. ಪಕ್ಕದ ಮೆಣಸಿನಕಾಯಿಯವನು ನನಗೆ ನೀರು ಕೊಟ್ಟು ಕೂರಿಸಿದ.

ಹಿಮದ ದೇಶದ ಡಬ್ಬಿ

ಅದೇ ಕಾಲಕ್ಕೆ ಗೋಕಾಕ ಫಾಲ್ಸ್‌ನ ಒಂದು ಬಂಗಲೆಯಲ್ಲಿ ಒಬ್ಬ ಪರದೇಶದ ಎಂಜಿನಿಯರ್ ಸಾಹೇಬ ಬಂದು ಇಳಿದಿದ್ದ. ಅವನ ಅಡುಗೆಯವ ನನ್ನ ಹೆಂಡತಿಯ ತಮ್ಮ. ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ದುಡಿದು ಇಂಗ್ಲಿಷು ಓದಲು, ಮಾತಾಡಲು ಕಲಿತಿದ್ದ. ನಾಲ್ಕು ತಿಂಗಳಿಂದ ಅವನದು ಒಂದೇ ಬೇಡಿಕೆ: "ಮಾವಾರ, ಒಂದ ಗಡಗಿ ಜೋನಿ ಬೆಲ್ಲ ಕಳಸ್ರಿ." ಗಟ್ಟಿಯಾಗುವ ಮುಂಚೆ ತೆಗೆದ, ಜೇನಿನಂಥ ಬೆಲ್ಲ ಅದು. ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದೆ, ಆ ದಿನ ನಾನೇ ಗಡಿಗೆ ಹೊತ್ತು ಹೋದೆ.

ಅಡುಗೆಮನೆಯಲ್ಲಿ ಚಂದದೊಂದು ಡಬ್ಬಿ ಇತ್ತು. ಮೇಲೆ ಹಿಮದ ಚಿತ್ರ, ದೊಡ್ಡ ಮರ, ಮರಕ್ಕೆ ತೂಗುಹಾಕಿದ ಬಕೆಟ್ಟು.

"ಇದು ಕೆನಡಾದ್ದರಿ," ಅಂದ ಮೈದುನ. "ಮೇಪಲ್ ಅಂತ ಗಿಡ ಇರತೈತಿ. ಅದರ ರಸ ಇಳಿಸಿ, ನಿಮ್ಮಂಗನ ಕಾಸತಾರ. ಸಾಹೇಬ್ರು ದ್ವಾಸಿ ಮ್ಯಾಲೆ ಸುರಕೊಂಡ ತಿಂತಾರ."

"ಕೆಳಗ ಇರಿವಿ ಸಾಲಿನಂಗ ಬರದೈತಲ್ಲ, ಅದೇನು?"

ಅವನು ಕಣ್ಣು ಕಿರಿದು ಮಾಡಿ ಓದಿದ. "ಕಬ್ಬಿನ ಪಾಕ... ಬಣ್ಣ... ವಾಸನಿ... ತುಂಬಿದ್ದು ಬ್ಯಾರೆ ಯಾವುದೋ ಬಂದರದಾಗ."

ಅಂದರೆ ಆ ಡಬ್ಬಿಯಲ್ಲಿ ಆ ಮರದ ಒಂದು ಹನಿಯೂ ಇರಲಿಲ್ಲ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಹಿಮದಲ್ಲಿ ಯಾವನೋ ಒಬ್ಬ ನನ್ನ ಹಾಗೆಯೇ ಒಲೆಯ ಮುಂದೆ ನಿಂತು ರಸ ಕಾಯಿಸುತ್ತಿರುತ್ತಾನೆ. ಅವನ ಊರನ್ನೂ ಕದ್ದರಲ್ಲ ಎಂದು, ಮುಖ ಕಾಣದ ಆ ಮನುಷ್ಯನಿಗಾಗಿ ಹಲ್ಲು ಕಡಿದೆ.

ಇಷ್ಟರಲ್ಲಿ ಮೈದುನ ನನ್ನ ಗಡಿಗೆ ಎತ್ತಿ ಅದೇ ಡಬ್ಬಿಗೆ ಜೋನಿ ಬೆಲ್ಲ ಸುರಿಯತೊಡಗಿದ.

"ಲೇ! ಏನ ಮಾಡಾಕತ್ತಿ?"

"ಸಣ್ಣಕ ಅನ್ರಿ ಮಾವಾರ. ಡಬ್ಬಿ ತೀರಿ ನಾಕ ತಿಂಗಳಾತು. ಇಲ್ಲಂದ್ರ ಸಾಹೇಬ್ರು ನನ್ನ ಮನಿಗೆ ಕಳಸತಾರ. ನಿಮ್ಮದ ಹಾಕಾಕತ್ತಿಂದ 'ಈ ಡಬ್ಬಿ ಭಾಳ ಛಲೋ ಬಂದೈತಿ' ಅಂತ ಕಣ್ಣಾಗ ನೀರ ತರತಾರ."

ಕೊಲ್ಹಾಪುರವಾದರೂ ಹೋಗಲಿ, ಇಪ್ಪತ್ತು ಹರದಾರಿ ದೂರ. ಈಗ ಸಮುದ್ರದ ಆಚೆಗೂ ಕಳಿಸಿದರು ನನ್ನ ಬೆಲ್ಲವನ್ನು! ಡಬ್ಬಿ ಕಸಿದುಕೊಂಡು ಸೀದಾ ಪಡಸಾಲೆಗೆ ನುಗ್ಗಿದೆ. ಸಾಹೇಬ ನಾಷ್ಟಾಕ್ಕೆ ಕೂತಿದ್ದ. ಡಬ್ಬಿಯನ್ನು ಅವನ ಮುಂದೆ ಕುಕ್ಕಿ, ಎದೆ ಬಡಿದುಕೊಂಡು, "ಮಮದಾಪುರ! ಮಮದಾಪುರ!" ಎಂದು ಕೂಗಿದೆ. ಮೈದುನನ ಕೊರಳಪಟ್ಟಿ ಹಿಡಿದು, "ಹೇಳ ಅವರಿಗೆ, ಇದು ನಮ್ಮ ಊರಿಂದಂತ," ಅಂದೆ. ಅವನು ಸಾಹೇಬನಿಗೆ ಇಂಗ್ಲಿಷಿನಲ್ಲಿ ಹೇಳಿದ.

ಸಾಹೇಬ ಡಬ್ಬಿ ನೋಡಿದ, ನನ್ನನ್ನು ನೋಡಿದ. ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಬಹಳ ಸಮಾಧಾನದಿಂದ, ಸಾಲಿ ಮಾಸ್ತರರ ಹಾಗೆ, ನನಗೆ ಏನೇನೋ ಬುದ್ಧಿ ಹೇಳಿದ.

"ಏನಂತಾರ?" ಎಂದು ಕೇಳಿದೆ.

ಮೈದುನ ನೆಲ ನೋಡುತ್ತ ಹೇಳಿದ: "ಸಾಹೇಬ್ರು ಸಣ್ಣಾವ್ರಿದ್ದಾಗಿಂದ ಇದನ್ನ ತಿಂದ ಬೆಳದಾರಂತ್ರಿ ಮಾವಾರ, ರುಚಿ ತಪ್ಪೂದಿಲ್ಲಂತ. 'ಪಾಪ, ರೈತ ಅದಾನ, ಈ ಸಲ ಬಿಡತೀನಿ. ಆದ್ರ ಇನ್ನಮ್ಯಾಲೆ ಕಂಡವರ ಮಾಲಿಗೆ ನಿನ್ನ ಊರ ಹೆಸರ ಹಚ್ಚಬ್ಯಾಡ, ಅದು ಮೋಸ' ಅಂದ್ರು."